ಬೇಗ ಸಾಯುತ್ತಿದ್ದ ಬಿಳಿನೊಣಗಳ ಬಗ್ಗೆ

ಮಾನ್ಯ ನಿರ್ದೇಶಕರೇ,

"ಪಾಲಕಿಯ ನಿರ್ಲಕ್ಷ್ಯದಿಂದ ತಳಿ ಕಲಬೆರಕೆಯಾಗಿದೆ" ಎಂದು ನಿಮ್ಮ ಕೀಟ ಸಂಶೋಧನಾ ಕೇಂದ್ರ ಬರೆದ ಒಂದು ಸಾಲು, ಅಲ್ಲಿ ನೊಣ ಸಾಕುತ್ತಿದ್ದ ನನ್ನ ಅಕ್ಕನನ್ನು ಒಳಗಿಂದೊಳಗೇ ತಿನ್ನುತ್ತಿದೆ. ಆ ಸಾಲು ಸುಳ್ಳು. ಅದು ನನಗೆ ಗೊತ್ತು, ನಿಮಗೂ ಗೊತ್ತು. ಗೊತ್ತಿದ್ದೂ ಸುಮ್ಮನಿರಲು ದೊಡ್ಡ ಹುದ್ದೆ ಬೇಕು. ನಾನು ಬರಿಯ ದರ್ಜಿ. ನಿಮ್ಮ ಬಿಳಿನೊಣಗಳ ಬೋನುಗಳಿಗೆ ಇಪ್ಪತ್ತೊಂದು ವರ್ಷ ಬಲೆಯ ಚೀಲ ಹೊಲಿದುಕೊಟ್ಟವಳು.

ಈ ಪತ್ರ ಓದುವ ಬೇರೆಯವರಿಗಾಗಿ ಎರಡು ಮಾತು. ಬಿಳಿನೊಣವೆಂದರೆ ಟೊಮೇಟೊ, ಬದನೆ, ಹತ್ತಿ ಗಿಡಗಳ ಎಲೆಯಡಿ ಕೂತು ರಸ ಹೀರುವ, ರೋಗ ಹಂಚುವ, ಸಾಸಿವೆ ಕಾಳಿಗಿಂತ ಚಿಕ್ಕ ಹುಳ. ಕಣ್ಣಿಗೆ ಎಲ್ಲವೂ ಒಂದೇ ಥರ. ವಂಶವಾಹಿ ಪರೀಕ್ಷೆ ಮಾಡಿದರೆ ಮಾತ್ರ ಅವುಗಳಲ್ಲಿ ಬೇರೆ ಬೇರೆ ಕುಲಗಳಿವೆಯೆಂದು ತಿಳಿಯುತ್ತದೆ. ಒಂದು ಕುಲವನ್ನು ಕೊಲ್ಲುವ ಔಷಧಿಯಲ್ಲಿ ಇನ್ನೊಂದು ಮೈ ತೊಳೆದುಕೊಂಡು ಹೋಗುತ್ತದೆ. ಯಾವ ಹೊಲದ ನೊಣ ಎಷ್ಟು ಮೊಂಡಾಗಿದೆ ಎಂದು ಅಳೆಯಬೇಕಾದರೆ, ಔಷಧಿಯ ವಾಸನೆಯನ್ನೇ ಕಾಣದ ಹಳೆಯ ತಳಿಯೊಂದು ಬೇಕು. ತಕ್ಕಡಿಗೆ ತೂಕದ ಕಲ್ಲು ಬೇಕಲ್ಲ, ಹಾಗೆ. ಹನಿ ಔಷಧಿಗೇ ಸಾಯುವ ಆ ತಳಿಯನ್ನು ಅಕ್ಕ "ಪಾಪದವು" ಎಂದು ಕರೆಯುತ್ತಿದ್ದಳು. ಮೊಂಡು ತಳಿಗಳಿಗೆ "ಗಟ್ಟಿಗರು" ಎಂದು ಹೆಸರಿಟ್ಟಿದ್ದಳು.

ಮೂರು ವಾರಕ್ಕೊಂದು ತಲೆಮಾರಿನಂತೆ ಪಾಪದವುಗಳ ಮುನ್ನೂರಕ್ಕೂ ಹೆಚ್ಚು ತಲೆಮಾರುಗಳನ್ನು ಅಕ್ಕ ಸಾಕಿದಳು. ಹೊಗೆ ಬಟ್ಟೆಗೆ ಅಂಟಿ ಬೋನಿನವರೆಗೂ ಹೋಗುತ್ತದೆಂದು ನಮ್ಮ ಮನೆಯಲ್ಲಿ ಒಂದು ಸೊಳ್ಳೆಬತ್ತಿಯನ್ನೂ ಹಚ್ಚಿದ್ದಿಲ್ಲ. ಸೊಳ್ಳೆಗೆ ರಕ್ತ ಕೊಟ್ಟು ನೊಣಕ್ಕೆ ಎಲೆ ಕೊಟ್ಟ ಸಂಸಾರ ನಮ್ಮದು. ಈ ನೊಣಗಳಿಗೆ ಹಳದಿಯೆಂದರೆ ಪ್ರಾಣ, ಹಾರಿ ಬಂದು ಕೂರುತ್ತವೆ. ಹಾಗಾಗಿ ದರ್ಜಿಯ ಮನೆಯಾದರೂ ನಮ್ಮಲ್ಲಿ ಹಳದಿ ಬಟ್ಟೆಯ ಒಂದು ತುಂಡೂ ಇರಲಿಲ್ಲ. ಕೇಂದ್ರದಲ್ಲಿ ಇನ್ನೊಂದು ಕಟ್ಟುನಿಟ್ಟು: ಮೊದಲು ಪಾಪದವುಗಳ ಕೋಣೆ, ಆಮೇಲೆ ಗಟ್ಟಿಗರದು. ಗಟ್ಟಿಗರನ್ನು ನೋಡಿದವರು, ಬಟ್ಟೆಗೆ ಒಂದೆರಡು ಅಂಟಿ ಬಂದು ತಳಿ ಬೆರೆತೀತೆಂದು, ಅವತ್ತು ಮತ್ತೆ ಮೊದಲ ಕೋಣೆಗೆ ಕಾಲಿಡುವಂತಿಲ್ಲ.

ನೀವು ಪರಿಶೀಲನೆಗೆ ಬಂದ ದಿನ ಚೀಲ ಕೊಡಲು ಹೋಗಿದ್ದ ನಾನು ಕಾರಿಡಾರಿನ ಸ್ಟೂಲಿನ ಮೇಲೆ ಕೂತಿದ್ದೆ. ಒಳ್ಳೆಯ ಹತ್ತಿಯ ಅಂಗಿ ನಿಮ್ಮದು, ಕಾಲರಿನ ಹೊಲಿಗೆ ಅಚ್ಚುಕಟ್ಟು. ಬಣ್ಣ ಮಾತ್ರ ಮಾಗಿದ ನಿಂಬೆಹಣ್ಣಿನದು.

"ಸರ್, ಮೇಲೊಂದು ಬಿಳಿ ಕೋಟು ಹಾಕ್ಕೊಳ್ಳಿ. ಹಳದಿ ಕಂಡ್ರೆ ಇವು ಬಿಡಲ್ಲ," ಎಂದಳು ಅಕ್ಕ.

"ಫೋಟೋದಲ್ಲಿ ನಾನು ಕಾಂಪೌಂಡರ್ ಥರ ಕಾಣ್ಬೇಕೇನಮ್ಮಾ?" ಎಂದಿರಿ. ಸುತ್ತಲಿದ್ದವರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಅಷ್ಟು ನನ್ನ ಪಾಲಿನ ತಪ್ಪು.

ನೀವು ನೇರ ಗಟ್ಟಿಗರ ಕೋಣೆಗೆ ನಡೆದು ಬೋನು ತೆಗೆಸಿದಿರಿ. ಅಷ್ಟರಲ್ಲಿ ಫೋಟೋದವನು, ಮೊದಲ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ ಎಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಬೇಡ ಸರ್, ನಾಳೆ ಬನ್ನಿ." "ದಿನಾ ಬಂದುಹೋಗೋಕೆ ನಾನೇನು ಹಾಲಿನವನಾ?" ಎಂದು ನೀವು ಒಳಹೊಕ್ಕಿರಿ. ಅಲ್ಲಿಯೂ ಬೋನು ತೆರೆಯಿತು, ಫೋಟೋ ಆಯಿತು. ಆ ಫೋಟೋ ನಿಮ್ಮ ವಾರ್ಷಿಕ ವರದಿಯ ಹದಿನಾಲ್ಕನೆಯ ಪುಟದಲ್ಲಿದೆ. ನಿಮ್ಮ ಭುಜದ ಮೇಲೆ ಏಳೆಂಟು ಬಿಳಿ ಚುಕ್ಕೆಗಳಿವೆ. ಅದು ಮುದ್ರಣದೋಷವಲ್ಲ.

ಮೂರು ತಿಂಗಳಿಗೆ ಪಾಪದವು ಹಳೆಯ ಪ್ರಮಾಣದ ಔಷಧಿಗೆ ಸಾಯಲಿಲ್ಲ. ಅದನ್ನು ಕಂಡುಹಿಡಿದವಳೂ ಅಕ್ಕನೇ, ಬರೆದು ತಿಳಿಸಿದವಳೂ ಅಕ್ಕನೇ. ವಂಶವಾಹಿ ಪರೀಕ್ಷೆಯಲ್ಲಿ ಗಟ್ಟಿಗರ ಕುಲ ಸಿಕ್ಕಿತು. ನಾಲ್ವರ ಸಮಿತಿ ಕೂತಿತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಅದರಲ್ಲಿ ಮೇಕೆಯಿಂದ ಸಹಿ ಹಾಕಿಸಿಕೊಂಡ ಪ್ರಸಂಗ ಇಲ್ಲ. ಇಲ್ಲಿ ಹಾಕಿಸಿಕೊಂಡಿರಿ. ತಪ್ಪೊಪ್ಪಿಕೊಂಡರೆ ಕೆಲಸ ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಕೋಣೆಯ ಇನ್ನಿಬ್ಬರು ಹೆಂಗಸರೂ ಮನೆಗೆ ಹೋಗುತ್ತಾರೆ ಎಂದರಂತೆ.

"ಅಂಗಿ ವಿಷಯ ಯಾಕೆ ಬರೀಲಿಲ್ಲ?" ಎಂದು ನಾನು ಜಗಳ ಆಡಿದೆ.

"ಯಾರ ಅಂಗಿ ಅಂತ ಬರೀಲಿ, ಹೇಳು," ಎಂದಳು.

ಈಗ ನಿಮ್ಮ ಕಚೇರಿ ಯಾವುದಕ್ಕೆ ಹೋಲಿಸಿ ರೈತರಿಗೆ ಔಷಧಿಯ ಪ್ರಮಾಣ ಹೇಳುತ್ತಿದೆ? ಅಂದಾಜಿಗೆ ಹೇಳಿದ್ದನ್ನು ಅಂದಾಜಿಗೆ ಸಿಂಪಡಿಸುತ್ತಾರೆ, ನೊಣ ಇನ್ನಷ್ಟು ಮೊಂಡಾಗುತ್ತದೆ. ಅದನ್ನು ತಿಳಿದವರು ವಾದಿಸಲಿ. ನನ್ನ ದುಃಖ ಬೇರೆ.

ಎರಡು ತಿಂಗಳಿಂದ ಅಕ್ಕ ಎಲೆಯ ಮುಖ ನೋಡುವುದಿಲ್ಲ. ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಗುಂಡಿ ಹಚ್ಚುತ್ತಾಳೆ. ಮೊನ್ನೆ ಸೂಜಿ ಹಿಡಿದ ಕೈ ನಿಲ್ಲಿಸಿ, "ಅವತ್ತು ಬೋನಿನ ಚಿಲಕ ನಾನೇ ಸರಿಯಾಗಿ ಹಾಕಿರ್ಲಿಲ್ವೇನೋ ಕಣೇ," ಎಂದಳು. ಚಿಲಕವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದವಳು ಅವಳು. ನೀವು ಬರೆಸಿಕೊಂಡ ಸುಳ್ಳನ್ನು ಈಗ ತಾನೂ ನಂಬತೊಡಗಿದ್ದಾಳೆ. ಕೆಲಸ ಹೋದಾಗ ನಾನು ಅತ್ತಿರಲಿಲ್ಲ. ಮೊನ್ನೆ ಆ ಮಾತು ಕೇಳಿ ಅಳು ತಡೆಯಲಾಗಲಿಲ್ಲ.

ಆಕೆಯ ಕೆಲಸ ಮರಳಿ ಕೊಡಿ ಎಂದು ಕೇಳುತ್ತಿಲ್ಲ; ಸಾಕಲು ಅಲ್ಲಿ ಏನು ಉಳಿದಿದೆ? ಕಡತದಿಂದ ಆ ಸಾಲು ತೆಗೆಯಿರಿ. ಆಮೇಲೆ ಒಂದು ದಿನ ನಮ್ಮ ಅಂಗಡಿಗೆ ಬನ್ನಿ. ಪತ್ರಿಕೆಯವರು ಬೇಡ, ಕ್ಷಮೆಯ ಭಾಷಣ ಬೇಡ. "ಚಿಲಕ ನೀನು ಹಾಕಿದ್ದೆಯಮ್ಮ, ತೆಗೆಸಿದ್ದು ನಾನು" ಎಂದು ಆಕೆಯ ಮುಖ ನೋಡಿ ಹೇಳಿ. ನಾನು ನೂರು ಸಲ ಹೇಳಿದ್ದೇನೆ. ತಂಗಿ ಅಲ್ಲವೇ, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಳ್ಳುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ. ನೀವು ಹೇಳಿದ್ದನ್ನೆಲ್ಲ ಆಕೆ ನಂಬಿಯೇ ಹೀಗಾಗಿದ್ದಾಳೆ.

ಇಂತಿ,
ಅವತ್ತು ನಿಮ್ಮ ಮಾತಿಗೆ ನಕ್ಕ ದರ್ಜಿ