ಎಡಗೈ ಹ್ಯಾಂಡಲ್‌ಗೆ ಕಟ್ಟಿದ ದಾರ

ಆಗಸ್ಟ್ 19, 2025, ಮಂಗಳವಾರ. ಬೆಳಿಗ್ಗೆ ಐದೂವರೆ

ಮಗುವಿನ ಬಾಟಲಿ ಮತ್ತೆ ಕುದಿಸಿದೆ. ಅತ್ತೆ ನೋಡಿದರು. ಗ್ಯಾಸ್ ಆರಿಸಿ ಹೋದರು.

ವಿಶ್ರುತ ಮಲಗಿದ್ದಾನೆ. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬಂದೆ. ಉಸಿರಿದೆ. ಇನ್ನೊಮ್ಮೆ ಹೋಗಿ ನೋಡಿದೆ — ಇದೆ.

ಜೋರು ಮಳೆ. ಸೊಸೈಟಿಯ ಹಿಂದಿನ ಗುಲ್‌ಮೊಹರ್ ಬಿದ್ದಿದೆ. ಮಾವನಿಗೆ ಖುಷಿ. ಡೊಂಬಿವಲಿಯಲ್ಲಿ ಎಲ್ಲಿ ಮರ ಬಿದ್ದರೂ ಮೊದಲ ಫೋನ್ ಅವರಿಗೇ. ಟೆಂಪೊ ಕಳಿಸಿ ದಿಮ್ಮಿ ತರಿಸುತ್ತಾರೆ. ಕಲ್ಯಾಣ್ ರಸ್ತೆಯ ಶೆಡ್‌ನಲ್ಲಿ ಸೀಳಿಸಿ, ಒಣಗಿಸಿ, ಹೆಣ ಸುಡಲು ಗತಿಯಿಲ್ಲದವರಿಗೆ ಪುಕ್ಕಟೆ ಸೌದೆ. ಹೋಟೆಲಿನ ಗಲ್ಲಾ ನನ್ನ ಗಂಡ ಅನೀಶನಿಗೆ ಬಿಟ್ಟುಕೊಟ್ಟ ಮೇಲೆ ಇದೇ ಅವರ ಕೆಲಸ. ಇದನ್ನು ನಡೆಸುವ ಟ್ರಸ್ಟಿಗೆ ಅವರೇ ಅಧ್ಯಕ್ಷರು. ಶಾಲು, ಫಲಕ, ಫೋಟೊ — ಹಾಲ್‌ನ ಗೋಡೆ ತುಂಬಿದೆ.

ಇಷ್ಟು ದಿನ ಭೀಮಮ್ಮ ಮತ್ತು ಅವಳ ಗಂಡ ಕೊಡಲಿಯಿಂದ ಸೀಳುತ್ತಿದ್ದರು. ಕಲಬುರ್ಗಿ ಕಡೆಯವರು. ಗಂಡ ಹೋದ. ತಾನು ಸೀಳಿದ ಸೌದೆಯಲ್ಲೇ ಹೋದ. ಈಗ ಒಬ್ಬಳಿಂದ ಆಗುತ್ತಿಲ್ಲ. ಸೌದೆ ಒಡೆಯುವ ಮೆಷಿನ್ ತರಬೇಕಂತೆ. ಯಾವುದು ಅಂತ ನಾನು ಹೇಳಬೇಕಂತೆ. “ನಮ್ಮ ಇಂಜಿನಿಯರ್ ಸೊಸೆ ಇದ್ದಾಳಲ್ಲ” ಅಂದರಂತೆ ಮೀಟಿಂಗಿನಲ್ಲಿ.

ಐರೋಲಿಯ ಕಂಪನಿ ಕೆಲಸ ಬಿಟ್ಟ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಆಗಸ್ಟ್ 24, ಭಾನುವಾರ. ಸಂಜೆ

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್. ಅನೀಶನ ಜೊತೆ. ಮಗುವನ್ನು ಬಿಟ್ಟು ಹೊರಟದ್ದು ಮೊದಲ ಸಲ — ದಾರಿಯುದ್ದಕ್ಕೂ ಅತ್ತೆಗೆ ಫೋನ್. ಕೊನೆಗೆ ಅವರು ಎತ್ತುವುದನ್ನೇ ಬಿಟ್ಟರು.

ಅಂಗಡಿಯ ಮುರಾರಿ ಎರಡು ಮೆಷಿನ್ ತೋರಿಸಿದ. ಒಂದು ಕೋನ್. ದೊಡ್ಡ ಬುಗುರಿಯಂಥ ಉಕ್ಕಿನ ಸ್ಕ್ರೂ, ತಿರುಗುತ್ತಲೇ ಇರುತ್ತದೆ. ದಿಮ್ಮಿಯನ್ನು ಅದಕ್ಕೆ ಒತ್ತಿ ಹಿಡಿದರೆ ಕೊರೆದುಕೊಂಡು ಒಳಗೆ ಹೋಗಿ ಚಟ್ ಅಂತ ಸೀಳುತ್ತದೆ. ಅನೀಶ ಬಾಯಿ ಬಿಟ್ಟುಕೊಂಡು ವಿಡಿಯೊ ಮಾಡಿದ.

ಇನ್ನೊಂದು ಹೈಡ್ರಾಲಿಕ್. ಎತ್ತರದ ಕಂಬ, ಮೇಲಿನಿಂದ ನಿಧಾನಕ್ಕೆ ಇಳಿಯುವ ದಪ್ಪ ಬ್ಲೇಡು. ಎಡಗೈ ಹ್ಯಾಂಡಲ್ ಒತ್ತಿದರೆ ಮೋಟಾರು. ಬಲಗೈ ಹ್ಯಾಂಡಲ್ ಒತ್ತಿದರೆ ಬ್ಲೇಡು. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಇಳಿಯುತ್ತದೆ. ಒಂದು ಬಿಟ್ಟರೂ ನಿಂತಿತು. ಅಂದರೆ ಬ್ಲೇಡು ಇಳಿಯುವಾಗ ಎರಡೂ ಕೈ ಹ್ಯಾಂಡಲ್ ಮೇಲೇ ಇರಬೇಕು. ಬ್ಲೇಡಿನ ಕೆಳಗೆ ಇರಲು ಕೈಯೇ ಉಳಿದಿರುವುದಿಲ್ಲ.

ಎಷ್ಟು ಚಂದದ ಯೋಚನೆ. ನನ್ನಂಥವರೇ ಯಾರೋ ಮಾಡಿರಬೇಕು. ನಿದ್ದೆ ಬಾರದವರು.

“ಮೇಡಂ, ಫಾಸ್ಟ್ ಮಂಗ್ತಾ ಕಿ ಸೇಫ್?” ಅಂದ ಮುರಾರಿ — ಬೇಗ ಸೀಳುವುದು ಬೇಕೊ, ಅಪಾಯವಿಲ್ಲದ್ದೊ. ನಗುತ್ತಾ ಅನೀಶನನ್ನು ನೋಡಿದ. ಉತ್ತರ ಅವನಿಂದ ಬರಬೇಕು ಅನ್ನುವಂತೆ.

ಆಗಸ್ಟ್ 29

ಮಾವನಿಗೆ ಕೋನ್ ಬೇಕು. ವಿಡಿಯೊ ನೋಡಿ ಮನಸ್ಸಾಗಿದೆ. ಗಣಪತಿಗೆ ಬಂದ ನೆಂಟರಿಗೆಲ್ಲ ತೋರಿಸಿದರು.

ನಾನು ಹೇಳಿದೆ: ಭೀಮಮ್ಮ ಸೀರೆ ಉಡುತ್ತಾಳೆ. ಸೆರಗು ಒಮ್ಮೆ ಸ್ಕ್ರೂಗೆ ಸಿಕ್ಕಿದರೆ ಸೆರಗಿನ ಹಿಂದೆ ಅವಳೂ ಸುತ್ತಿಕೊಳ್ಳುತ್ತಾಳೆ. ಸ್ವಿಚ್ ಆರಿಸಲು ಹೋಗುವಷ್ಟರಲ್ಲಿ ಮುಗಿದಿರುತ್ತದೆ.

ಅತ್ತೆ ಹೂ ಕಟ್ಟುತ್ತಾ, ತಲೆ ಎತ್ತದೆ: “ಮೊದಲು ಮಗುವಿನ ಬಿಕ್ಕಳಿಕೆ, ಈಗ ಭೀಮಮ್ಮನ ಸೆರಗು. ಊರಿನ ಹೆದರಿಕೆ ಎಲ್ಲ ಇವಳಿಗೇ ಗುತ್ತಿಗೆ ಕೊಟ್ಟಿದ್ದಾರಾ ಎಂತದು?”

ನೆಂಟರು ನಕ್ಕರು. ಅನೀಶನೂ. ಬಿಕ್ಕಳಿಕೆ ನಿಲ್ಲಲಿಲ್ಲ ಅಂತ ಮಗುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದು ಈಗ ನೆಂಟರಿಗೂ ಕತೆ.

ಆದರೆ ಮಾವ ಯೋಚಿಸಿದರು. “ಅವಳು ಹೇಳುವುದು ಪೂರ್ತಿ ಸುಳ್ಳಲ್ಲ. ಹೆಣಕ್ಕೆ ಸೌದೆ ಕೊಡುವವರ ಶೆಡ್‌ನಲ್ಲೇ ಹೆಣ ಬಿದ್ದರೆ ಪೇಪರಿನವರು ಬಿಡ್ತಾರಾ?”

ಹೈಡ್ರಾಲಿಕ್ ಅಂತಾಯಿತು. ಗೆದ್ದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ.

ಸೆಪ್ಟೆಂಬರ್ 16, ಮಂಗಳವಾರ

ಮೆಷಿನ್ ಬಂತು. ಮಗುವನ್ನು ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಶೆಡ್‌ಗೆ ಹೋಗಿ ಭೀಮಮ್ಮನಿಗೆ ಕಲಿಸಿದೆ. ಬೇಗ ಕಲಿತಳು. ಕಲಿತ ಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಅಲ್ರೀ ಅಕ್ಕಾರ, ಎರಡೂ ಕೈ ಇದಕ್ಕ ಕೊಟ್ರ ದಿಮ್ಮಿ ಹಿಡಿಯಾಕ ನನ್ನ ಗಂಡ ಎದ್ದು ಬರ್ತಾನೇನ್ರಿ?”

ದಿಮ್ಮಿ ಹಿಡಿಯಲು ಮೆಷಿನ್ನಿಗೇ ಎರಡು ಕೊಕ್ಕೆ ಇವೆ. ನೆಟ್ಟಗಿನ ದಿಮ್ಮಿ ಚೆನ್ನಾಗಿ ನಿಲ್ಲುತ್ತದೆ. ಸೊಟ್ಟ ಗುಲ್‌ಮೊಹರ್ ವಾಲುತ್ತದೆ. ಮತ್ತೆ ನಿಲ್ಲಿಸಬೇಕು, ಮತ್ತೆ ಎರಡೂ ಕೈ. ನಿಧಾನ. ನಿಧಾನವಾಗಲಿ ಅಂದೆ. ಸತ್ತವರಿಗೇನು ಅವಸರ. ಅವಳಿಗೆ ಆ ಮಾತು ಬಹಳ ಹಿಡಿಸಿತು, ಬಿದ್ದು ಬಿದ್ದು ನಕ್ಕಳು.

ಎಡಗೈ ಚಾಚಿ ವಿಶ್ರುತನ ಮುಂದೆ ಹಿಡಿದಳು. ಅವನು ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಬಿಡಲೇ ಇಲ್ಲ. ಬಿಡಿಸಿ, ಅವಳ ಎದುರೇ ಅವನ ಕೈಗೆ ಸ್ಯಾನಿಟೈಸರ್ ಹಾಕಿ ಒರೆಸಿದೆ. ಅವಳು ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಸೆಪ್ಟೆಂಬರ್ 23

ಮಗುವಿಗೆ ನೆಗಡಿ. ಕ್ಲಿನಿಕ್‌ಗೆ ಓಡಿದೆ. ಡಾಕ್ಟರು ನನ್ನ ಪ್ರಶ್ನೆಗೆ ಅನೀಶನ ಮುಖ ನೋಡಿ ಉತ್ತರ ಕೊಟ್ಟರು.

ಮನೆಗೆ ಬಂದ ಮೇಲೆ ಅತ್ತೆ ತೀರ್ಮಾನ ಹೇಳಿದರು. ನಾನು ಹೀಗೇ ಮಾಡಿದರೆ ದೀಪಾವಳಿ ಕಳೆದು ಅವರು ವಿಶ್ರುತನನ್ನು ಕರೆದುಕೊಂಡು ಉಡುಪಿಗೆ ಹೋಗುತ್ತಾರೆ. ಅವರ ತಂಗಿಯ ಮನೆ. ನಾನು ಇಲ್ಲಿ ನಿದ್ದೆ ಮಾಡಿ ಹುಷಾರಾಗಬೇಕು.

ಅವನು ಇನ್ನೂ ಎದೆಹಾಲು ಕುಡಿಯುತ್ತಾನೆ ಅಂದೆ.

“ಬಿಡಿಸಿದರಾಯಿತು. ಬೇವಿನೆಣ್ಣೆ ಹಚ್ಚಿದರೆ ತಾನೇ ಬಿಡ್ತಾನೆ.”

ಅನೀಶ ಮೊಬೈಲಿನಿಂದ ಕಣ್ಣೆತ್ತದೆ, ಅಮ್ಮ ಹೇಳುವುದು ನಿನ್ನ ಒಳ್ಳೆಯದಕ್ಕೇ ಅಂದ.

ಇನ್ನು ಹೆದರಿದ್ದು ತೋರಿಸಬಾರದು. ಹೆದರಿದರೂ.

ಅಕ್ಟೋಬರ್ 1, ಬುಧವಾರ. ಮಧ್ಯಾಹ್ನ

ಆಯುಧ ಪೂಜೆ. ಬೆಳಿಗ್ಗೆ ಹೋಟೆಲಿನಲ್ಲಿ, ಆಮೇಲೆ ಶೆಡ್‌ನಲ್ಲಿ. ಮೆಷಿನ್ನಿಗೆ ಅರಿಶಿನ, ಕುಂಕುಮ, ಬಾಳೆಕಂದು, ಚೆಂಡುಹೂವಿನ ಮಾಲೆ. ಎಡಗೈ ಹ್ಯಾಂಡಲ್ ಹೊರಗೆ ಚಾಚಿಕೊಂಡಿತ್ತು, ಮಾಲೆ ಕೂರುತ್ತಿರಲಿಲ್ಲ. ಮಾವ ಅದನ್ನು ಕೆಳಗೆ ಒತ್ತಿ, ಕೆಂಪು-ಹಳದಿ ದಾರದ ಉಂಡೆ ಪೂರ್ತಿ ಸುತ್ತಿ ಕಂಬಕ್ಕೆ ಬಿಗಿದರು. ಫೋಟೊಗೆ ಚಂದ ಬಂತು.

ಹೋಟೆಲಿನ ಗ್ರೈಂಡರಿಗೂ ಹೀಗೇ ಕಟ್ಟುತ್ತಾರೆ. ಆ ದಾರವನ್ನು ಯಾರೂ ಬಿಚ್ಚುವುದಿಲ್ಲ, ಕತ್ತರಿ ತಾಗಿಸುವುದಿಲ್ಲ. ತಾನಾಗಿ ಉದುರಬೇಕು, ಇಲ್ಲವೇ ಮುಂದಿನ ನವಮಿಗೆ ಬದಲಾಗಬೇಕು. ಮೂವತ್ತು ವರ್ಷದಿಂದ ಹೋಟೆಲು ನಡೆದದ್ದೇ ಆ ದಾರದಿಂದ ಅನ್ನುತ್ತಾರೆ ಮಾವ.

ಆದರೆ ಗ್ರೈಂಡರಿಗೆ ಹ್ಯಾಂಡಲ್ ಇಲ್ಲ.

ಇವತ್ತು ಮೆಷಿನ್ ನಡೆಸುವಂತಿಲ್ಲ. ನಾಳೆ ಯಾರಾದರೂ ನೋಡಿ ಬಿಚ್ಚಿಯೇ ಬಿಚ್ಚುತ್ತಾರೆ... ಬಿಚ್ಚಬೇಕು.

ಅಕ್ಟೋಬರ್ 4, ಶನಿವಾರ

ಮಾವ ವಾಟ್ಸಾಪ್ ಗ್ರೂಪಿಗೆ ವಿಡಿಯೊ ಹಾಕಿದ್ದಾರೆ. ದಾರ ಹಾಗೇ ಇದೆ. ಎಡಗೈ ಹ್ಯಾಂಡಲ್ ಒತ್ತಿದಂತೆಯೇ ಕೂತಿದೆ. ಮೋಟಾರು ಬಿಡದೆ ಓಡುತ್ತಿದೆ. ಭೀಮಮ್ಮ ಬಲಗೈಯಿಂದ ಬ್ಲೇಡು ಇಳಿಸುತ್ತಿದ್ದಾಳೆ, ಎಡಗೈಯಿಂದ ದಿಮ್ಮಿ ಹಿಡಿದಿದ್ದಾಳೆ. ಕ್ಯಾಮೆರಾ ಕಡೆ ನಗು. ಕೆಳಗೆ ಮಾವ ಬರೆದಿದ್ದಾರೆ — ಪೂಜೆಯ ಫಲ, ಕೆಲಸ ದುಪ್ಪಟ್ಟು. ಕೈ ಮುಗಿದ ಚಿಹ್ನೆಗಳ ಸಾಲು.

ಊಟಕ್ಕೆ ಕೂತಾಗ ಹೇಳಿದೆ. ಮೆಲ್ಲಗೆ, ನಗುತ್ತಾ ಹೇಳಿದೆ, ಹೆದರಿದಂತೆ ಕಾಣದ ಹಾಗೆ. ದಾರ ಬಿಚ್ಚಿ ಬೇರೆ ಕಡೆ ಕಟ್ಟೋಣ ಮಾವ.

ಮಾವ ಸಾರನ್ನ ಕಲಸುವುದು ನಿಲ್ಲಿಸಿದರು. “ಕೋನ್ ಬೇಡ ಅಂದಿ, ಬಿಟ್ಟೆ. ಈಗ ದೇವರ ದಾರವೂ ಬೇಡ. ನಾಳೆ ದೇವರೂ ಬೇಡ ಅಂತಿಯಾ?”

ಅತ್ತೆ ಅನೀಶನ ಹತ್ತಿರ ಉಡುಪಿ ಬಸ್ಸಿನ ವಿಷಯ ಕೇಳಿದರು. ನನ್ನ ಎದುರಿಗೇ.

ಅಕ್ಟೋಬರ್ 7, ಮಂಗಳವಾರ

ತಪ್ಪಾಯಿತು.

ಮಾವ ಥಾಣೆಗೆ ಹೋಗಿದ್ದರು. ಅಡುಗೆಮನೆಯ ಕತ್ತರಿ, ಹಾಲಿನ ಪ್ಯಾಕೆಟ್ ಕತ್ತರಿಸುವುದು, ತೆಗೆದುಕೊಂಡು ಶೆಡ್‌ಗೆ ಹೋದೆ. ಮಗುವನ್ನು ಬಿಟ್ಟು ಹೋಗಲು ಧೈರ್ಯವಾಗಲಿಲ್ಲ, ಜೋಳಿಗೆಯಲ್ಲಿ ಕಟ್ಟಿಕೊಂಡೆ.

ಭೀಮಮ್ಮ ಅಡ್ಡ ನಿಂತಳು. “ದೇವರ ದಾರ ಐತ್ರಿ. ಹರದ್ರ ನನಗ ಪಾಪ ಬರ್ತೈತಿ. ಗಂಡ ಆಗಲೇ ಹೋಗ್ಯಾನ, ಇನ್ನೇನ್ ಹೋಗಬೇಕ್ರಿ?” ನಾನು ಕಿರುಚಿದೆ. ವಿಶ್ರುತನೂ ಅಳತೊಡಗಿದ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಮೆತ್ತಗೆ, ಹುಚ್ಚರನ್ನು ಹಿಡಿಯುವ ಹಾಗೆ. ಆಗ ಮಾವನ ಸ್ಕೂಟರ್ ಬಂತು.

ಅವರು ಕಂಡದ್ದು ಇಷ್ಟೇ: ಸೊಸೆ, ಎದೆಯ ಮೇಲೆ ಅಳುವ ಮಗು, ಕೈಯಲ್ಲಿ ಕತ್ತರಿ.

ಇವತ್ತಿಂದ ವಿಶ್ರುತ ಅತ್ತೆಯ ಕೋಣೆಯಲ್ಲಿ. ಹಾಲು ಕೊಡುವಾಗ ಮಾತ್ರ ನನಗೆ. ಕೊಡುವಾಗ ಅತ್ತೆ ಎದುರು ಕೂತಿರುತ್ತಾರೆ. ಕತ್ತರಿಯನ್ನು ಮೇಲಿನ ಶೆಲ್ಫಿಗೆ ಇಟ್ಟಿದ್ದಾರೆ.

ಅಕ್ಟೋಬರ್ 13

ಏನೂ ಹೇಳುವುದಿಲ್ಲ. ನಗುತ್ತೇನೆ. ದೀಪಾವಳಿಗೆ ಚಕ್ಕುಲಿ ಕರಿದೆ. ಗರಿಗರಿ ಬಂದಿದೆ ಅಂದರು ಅತ್ತೆ. ಬಸ್ಸಿನ ಮಾತು ಎತ್ತಲಿಲ್ಲ. ವಿಡಿಯೊ ದಿನಾ ಬರುತ್ತಿದೆ, ನೋಡುವುದಿಲ್ಲ.

ಅಕ್ಟೋಬರ್ 16, ಗುರುವಾರ

ಭೀಮಮ್ಮನ ಎಡಗೈ.

ಗುಲ್‌ಮೊಹರ್ ಗಂಟು. ವಾಲಿತು. ಹಿಡಿಯಲು ಹೋದಳು. ಬಲಗೈ ಹ್ಯಾಂಡಲ್ ಮೇಲೇ ಇತ್ತು.

ನಾಲ್ಕು ಬೆರಳು. ಹೆಬ್ಬೆರಳು ಉಳಿಯಿತಂತೆ. ಹೊಲಿಯಲು ಬರುವ ಹಾಗಿಲ್ಲ, ಜಜ್ಜಿಹೋಗಿವೆ ಅಂದರಂತೆ ಆಸ್ಪತ್ರೆಯಲ್ಲಿ.

ಮಾವ ಮನೆಗೆ ಬಂದು ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಕೂತರು. ಆಮೇಲೆ ನನ್ನನ್ನು ನೋಡಿ, “ನೀನು ಆರಿಸಿದ ಮೆಷಿನ್” ಅಂದರು.

ಅಕ್ಟೋಬರ್ 17

ಅತ್ತೆಗೆ ಒಂದೇ ಚಿಂತೆ. ಪೂಜೆ ಮಾಡಿದ ಮೆಷಿನ್ನಿನ ಮೇಲೆ ರಕ್ತ ಬಿದ್ದಿದೆ. ಪುಣ್ಯಾಹ ಆಗಬೇಕು, ಅದಕ್ಕೆ ಮುಂಚೆ ಸೌದೆ ಕೊಟ್ಟರೆ ಸತ್ತವರಿಗೂ ಮೈಲಿಗೆ.

ಮಾವ ಬೆಳಿಗ್ಗೆ ಬೇಗ ಶೆಡ್‌ಗೆ ಹೋದರು. ಹೋಗುವಾಗ ಮೇಲಿನ ಶೆಲ್ಫಿನ ಕತ್ತರಿ ತೆಗೆದುಕೊಂಡರು. ಬಂದ ಮೇಲೆ ತೊಳೆದು, ಒರೆಸಿ, ಹಾಲಿನ ಪ್ಯಾಕೆಟ್ಟಿನ ಪಕ್ಕ, ಅದರ ಹಳೆಯ ಜಾಗದಲ್ಲಿ ಇಟ್ಟರು. ದಾರ ಈಗ ಇಲ್ಲ. ಗ್ರೂಪಿನ ವಿಡಿಯೊಗಳೂ ಇಲ್ಲ.

ನನ್ನ ಫೋನಿನಲ್ಲಿ ಒಂದು ಇದೆ. ಮೊದಲನೆಯದು. ಅವಳು ನಗುವುದು.

ಅಕ್ಟೋಬರ್ 19, ಭಾನುವಾರ. ಸಂಜೆ

ಟ್ರಸ್ಟಿನ ಮೀಟಿಂಗ್. ಹೋಟೆಲಿನ ಮೇಲಿನ ಹಾಲ್‌ನಲ್ಲಿ.

ಹೊರಡುವ ಮುಂಚೆ, ಅಲ್ಲಿ ನಾನು ಏನು ಹೇಳಬೇಕು ಅಂತ ಮಾವ ಹೇಳಿಕೊಟ್ಟರು. ಹ್ಯಾಂಡಲ್ಲಿಗೆ ಕಲ್ಲು ಕಟ್ಟಿ ಒತ್ತಿಟ್ಟವಳು ಭೀಮಮ್ಮನೇ. ನಾನು ಶೆಡ್‌ಗೆ ಹೋದ ದಿನ ಕಣ್ಣಾರೆ ಕಂಡೆ, ಬೈದೆ. ಅಷ್ಟು ಸಾಕು. ಇಂಜಿನಿಯರ್ ಹೇಳಿದರೆ ಎಲ್ಲರೂ ಕೇಳುತ್ತಾರೆ.

ಇಂಜಿನಿಯರ್.

ಅತ್ತೆ ವಿಶ್ರುತನನ್ನು ತಟ್ಟುತ್ತಾ ಬಾಗಿಲಲ್ಲಿ ನಿಂತಿದ್ದರು. “ಬೇಗ ಮುಗಿಸಿ ಬಾ. ಇವತ್ತು ಮಗು ನಿನ್ನ ಹತ್ತಿರವೇ ಮಲಗಲಿ. ಉಡುಪಿ ಟಿಕೆಟ್ಟೂ ಕ್ಯಾನ್ಸಲ್ ಮಾಡಿಸಿದರಾಯಿತು.”

ಭೀಮಮ್ಮ ಆಸ್ಪತ್ರೆಯಿಂದ ನೇರ ಬಂದಿದ್ದಳು, ಸೊಸೆ ಮರಗಮ್ಮನ ತೋಳು ಹಿಡಿದು. ಕೈ ಬಿಳಿ ಗಂಟಿನಂತೆ. ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತಳು. ದಾರ ಕಟ್ಟಿದ್ದು ಸಾವುಕಾರರೇ ಅಂದಳು. ಯಾವ ದಾರ ಅಂತ ಕೇಳಿದರು ಮಾವ. ಯಾರೂ ಏನೂ ಅನ್ನಲಿಲ್ಲ. ಪೂಜೆಯ ಪ್ರಸಾದ ತಿಂದವರೇ ಅಷ್ಟೂ ಜನ.

ಆಗ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ.

“ಅಕ್ಕಾರ, ನೀವು ಕತ್ರಿ ತಂದಿದ್ರಿ. ನಾನ ಬ್ಯಾಡ ಅಂದೆ. ಅಷ್ಟ ಹೇಳ್ರಿ ಸಾಕು. ತಪ್ಪು ನಂದ ಇರ್ಲಿ. ದಾರ ಇತ್ತು ಅಂತ ಹೇಳ್ರಿ.”

ಫೋನ್ ಬ್ಯಾಗಿನಲ್ಲಿತ್ತು. ಬ್ಯಾಗು ಮಡಿಲಲ್ಲಿ. ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ರವಿಕೆ ಒದ್ದೆಯಾಗುತ್ತಿತ್ತು.

ಕಲ್ಲು ನೋಡಿದೆ ಅಂದೆ.

ಎಷ್ಟು ದೊಡ್ಡದು ಅಂತ ಯಾರೋ ಕೇಳಿದರು. ಕೈಯಿಂದ ಅಳತೆ ತೋರಿಸಿದೆ. ಎರಡೂ ಕೈಯಿಂದ.

ಅಕ್ಟೋಬರ್ 20, ನರಕ ಚತುರ್ದಶಿ

ನಿದ್ದೆ ಬಂತು. ಅವನು ಪಕ್ಕದಲ್ಲಿ. ಉಸಿರು ನೋಡಲು ಒಮ್ಮೆಯೂ ಏಳಲಿಲ್ಲ. ಅತ್ತೆ ಎಬ್ಬಿಸಿ ತಲೆಗೆ ಎಣ್ಣೆ ಹಚ್ಚಿದರು, ತಾಯಿಯ ಹಾಗೆ. ಈಗ ಮುಖಕ್ಕೆ ಕಳೆ ಬಂತು ನೋಡು ಅಂದರು.

ಹೊಸ ಅಂಗಿ ಹಾಕಿದ ವಿಶ್ರುತನ ಫೋಟೊ ತೆಗೆಯಲು ಹೋದರೆ ಫೋನಿನಲ್ಲಿ ಜಾಗವಿಲ್ಲ ಅಂತ ಬಂತು. ಆ ವಿಡಿಯೊ ಅಳಿಸಿದೆ. ಫೋಟೊ ಚೆನ್ನಾಗಿ ಬಂದಿದೆ.

ಅಕ್ಟೋಬರ್ 29, ಬುಧವಾರ. ಬೆಳಿಗ್ಗೆ

ಟ್ರಸ್ಟಿನಿಂದ ಭೀಮಮ್ಮನಿಗೆ ದೀಪಾವಳಿಗೆ ಸೀರೆ ಕೊಟ್ಟಿದ್ದರು, ಫೋಟೊ ಸಮೇತ. ಇವತ್ತು ಮರಗಮ್ಮ ಅದನ್ನೇ ಉಟ್ಟುಕೊಂಡು ಮನೆಗೆ ಬಂದಳು. ಭೀಮಮ್ಮನ ಜಾಗಕ್ಕೆ ಇನ್ನು ಅವಳಂತೆ. ಅವರ ಮನೆಯಲ್ಲಿ ಇನ್ಯಾರೂ ದುಡಿಯುವವರಿಲ್ಲ. ಸಿಂಥೆಟಿಕ್ ಸೀರೆ. ಉದ್ದ ಸೆರಗು.

ಹಳೆಯ ಮೆಷಿನ್ ಅಪಶಕುನ ಅಂತ ಮಾರಿಬಿಟ್ಟರು. ಹೊಸದು ತರಬೇಕು. ಮಾವ ಬ್ರೋಷರ್ ತಂದು ಟೇಬಲ್ ಮೇಲೆ ಇಟ್ಟರು. ಈ ಸಲವೂ ನೀನೇ ಆರಿಸು, ನಿನ್ನ ಮಾತಿಗೆ ಟ್ರಸ್ಟಿನಲ್ಲಿ ಈಗ ಬೆಲೆ ಬಂದಿದೆ ಅಂದರು. ಹಾಗಂದು ಕೋನ್ ಇದ್ದ ಪುಟವನ್ನೇ ತೆರೆದು ಕೊಟ್ಟರು.

ಮಾವ, ಸೆರಗು... ಅಂದೆ.

ಅವರು ಒಳಕೋಣೆಯ ಕಡೆ ನೋಡಿದರು. ಅಲ್ಲಿ ಅತ್ತೆ ವಿಶ್ರುತನಿಗೆ ಟೋಪಿ ಹಾಕುತ್ತಿದ್ದರು, ಎಲ್ಲಿಗೋ ಹೊರಟವರಂತೆ.

ಎಷ್ಟು ಎಚ್‌ಪಿ ಮೋಟಾರು ಬೇಕು ಅಂತ ಕೇಳಿದೆ. ಮಾವ ಪೆನ್ನು ಕೊಟ್ಟರು. ಮರಗಮ್ಮ ಬಾಗಿಲಲ್ಲೇ ನಿಂತಿದ್ದಾಳೆ, ಕೆಲಸ ಎಂದಿನಿಂದ ಅಂತ ಕೇಳಲು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು. ನಾನು ಅವಳಿಗೆ —