ಟಾರ್ ಆರು

ನವೆಂಬರ್ 11, ಸೋಮವಾರ. ಬೆಳಿಗ್ಗೆ 6:30
ಮೊಣಕೈ, ಮೊಣಕಾಲು, ನೆತ್ತಿ — ಮುಲಾಮು ಹಚ್ಚಿ ಮುಗಿಯಿತು. ಹಳೆಯ ಅಂಗಿಯನ್ನೇ ಹಾಕಿಕೊಂಡೆ. ಹೊಸದಕ್ಕೆ ಈ ಕಲೆ ಕೂತರೆ ಜನ್ಮದಲ್ಲಿ ಹೋಗುವುದಿಲ್ಲ. ನನಗೆ ಸೋರಿಯಾಸಿಸ್ ಬಂದು ಮೂವತ್ತು ವರ್ಷ. ಕಲ್ಲಿದ್ದಲ ಟಾರಿನ ಈ ವಾಸನೆಗೂ ಅಷ್ಟೇ ವಯಸ್ಸು. ನನ್ನ ಗಂಡ ಲೆಸ್, ಕಲ್ಲಿದ್ದಲು ಬೇಯಿಸುವ ಕೋಕ್ ಕುಲುಮೆಯಲ್ಲಿ ಉಸಿರಾಡಿದ್ದೂ ಇದನ್ನೇ. ಅವನ ಶ್ವಾಸಕೋಶ ತಿಂದಿತು, ನನ್ನ ಚರ್ಮ ಉಳಿಸಿತು. ದರಿದ್ರದ್ದು.
ಇವತ್ತು ರಜೆ. ಬ್ರೆಡ್ಡು, ಅದಕ್ಕೆ ಸವರಲು ಕರಿ ವೆಜಿಮೈಟ್, ಚಹಾ.

ನವೆಂಬರ್ 12. ಸಂಜೆ
ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಹಿಂದಿನ ಕೋಣೆ. ಮುಲಾಮು ಕಲೆಸುವ ಗಾಜಿನ ಹಲಗೆ ಕಪ್ಪಗಿತ್ತು, ವೆಜಿಮೈಟ್ ಸವರಿದ ಹಾಗೆ. ನಮ್ಮ ಮುಲಾಮು ಹಾಲು ಜಾಸ್ತಿಯಾದ ಚಹಾದ ಬಣ್ಣ ಇರಬೇಕು.
"ಗ್ರಾಂಟ್, ನಿನ್ನೆ ಇಲಿಯಾಗೆ ಏನು ಮಾಡಿಕೊಟ್ಟೆ?"
"ಟಾರ್ ಆರು. ನೀವು ಬರೆದಿಟ್ಟ ಮಿಶ್ರಣದ ಕಾರ್ಡ್ ನೋಡ್ಕೊಂಡೇ ಮಾಡಿದ್ದು ವರ್ನಾ."
ಗ್ರಾಂಟ್ ಈ ಅಂಗಡಿ ಕೊಂಡು ಮೂರು ವಾರ. ಮೂವತ್ತೊಂದು ವರ್ಷದಿಂದ ನಮ್ಮಲ್ಲಿ 'ಟಾರ್ ಆರು' ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಟಾರು, ನೂರಕ್ಕೆ ಆರು ಪಾಲು. ಆ ದ್ರಾವಣದಲ್ಲಿ ನಿಜವಾದ ಟಾರ್ ಐದರಲ್ಲಿ ಒಂದು ಪಾಲು ಮಾತ್ರ. ಇವನು ಹಸಿ ಟಾರನ್ನೇ ಆರು ಪಾಲು ಹಾಕಿದ್ದಾನೆ. ಐದು ಪಟ್ಟು! ಕಾರ್ಡಿನ ಅಕ್ಷರ... ನನ್ನದೇ.
ಇಲಿಯಾನದೂ ನನ್ನದೇ ಕಾಯಿಲೆ. ಅವನ ಮಗಳು ವೆಸ್ನಾಗೆ ಫೋನ್ ಮಾಡಿದೆ.
"ಅಪ್ಪ ಬೆಳಿಗ್ಗೆಯಿಂದ ಸರೋವರದ ಹತ್ರ ಮೀನು ಹಿಡೀತಾ ಕೂತಿದಾರೆ. ಬರೀ ಬನಿಯನ್ನು."
ಟಾರ್ ಹಚ್ಚಿದ ಮೈಗೆ ಬಿಸಿಲು ಬೆಂಕಿ.
"ಓಡೇ! ನೆರಳಿಗೆ ಕರ್ಕೊಂಡು ಬಾ!"

ನವೆಂಬರ್ 15
ಇಲಿಯಾನ ಬೆನ್ನು, ತೋಳು ತುಂಬ ಬೊಬ್ಬೆ. ಆಸ್ಪತ್ರೆಯಲ್ಲಿ ಬೋರಲಾಗಿ ಮಲಗಿದ್ದಾನೆ. ಲೆಸ್ ಜೊತೆ ದುಡಿದವನು.
"ಏನಮ್ಮ, ಇಪ್ಪತ್ತು ವರ್ಷ ಆ ಕುಲುಮೆಗೇ ಸುಡಕ್ಕಾಗ್ಲಿಲ್ಲ ನನ್ನ. ನೀವು ಒಂದೇ ಡಬ್ಬೀಲಿ ಮುಗಿಸಿಬಿಟ್ರಿ!"
ನಗುತ್ತಾನೆ ಮುದುಕ. ನನಗೆ ಅಳು ತಡೆಯಲಾಗಲಿಲ್ಲ. ಮುಲಾಮು ಉಳಿದ ಆ ಡಬ್ಬಿ ಕೇಳಿ ತಂದಿದ್ದೇನೆ.

ನವೆಂಬರ್ 18
ಗ್ರಾಂಟ್ ಒಂದು ಹಾಳೆ ಮುಂದಿಟ್ಟ. 'ರೋಗಿ ಅತಿಯಾಗಿ ಹಚ್ಚಿಕೊಂಡಿದ್ದಾರೆ.' ಕೆಳಗೆ ನನ್ನ ಸಹಿಗೆ ಜಾಗ.
"ಇಲ್ಲಿಗೇ ಮುಗಿಸೋಣ ವರ್ನಾ. ದೂರು ಹೋದ್ರೆ ನಿಮ್ಮ ಹೆಸರೂ ಬರತ್ತೆ."
"ಬರಲಿ."
"ಹಾಗಾದ್ರೆ ಟಾರ್ ಕೆಲಸಾನೇ ನಿಲ್ಲಿಸ್ತೀನಿ. ಕ್ಯಾನ್ಸರ್ ತರೋ ವಸ್ತು ಅದು. ಅದರಲ್ಲಿರೋ ಬೆಂಜೋಪೈರೀನ್ ಅಂತ ಕೇಳಿದೀರಾ? ಆಮೇಲೆ ನಿಮ್ಮ ಮುಲಾಮಿಗೆ ಎಲ್ಲಿಗೆ ಹೋಗ್ತೀರೋ ನೋಡೋಣ."
"ಅದರ ಹೆಸರು ನಂಗೆ ಹೇಳಿಕೊಡ್ತೀಯಾ? ಅದನ್ನ ಉಸಿರಾಡಿ ಸತ್ತವನ ಹೆಂಡತಿ ಕಣೋ ನಾನು!"
ಇಲಿಯಾನ ಡಬ್ಬಿ ಬಿಚ್ಚಿ ಎರಡು ಬೆರಳು ಅದ್ದಿದೆ. ಹಾಳೆಯ ಆ ಸಾಲಿನ ಮೇಲೆ ಉದ್ದಕ್ಕೂ ಬಳಿದೆ. ಮಸಿ ಬಳಿಯುವುದು ಅಂದರೆ ಇದು.
"ಒರೆಸ್ಕೊ. ಹೋಗಲ್ಲ."
ಮನೆಗೆ ಬಂದು ಔಷಧ ಮಂಡಳಿಗೆ ದೂರು ಬರೆದೆ.

ಫೆಬ್ರವರಿ 10. ಬೆಳಿಗ್ಗೆ 7
ಕೆಲಸ ಹೋಗಿ ಎರಡೂವರೆ ತಿಂಗಳು. ಮುಲಾಮು ಮುಗಿದು ಎರಡು. ಮೊಣಕೈ ಬಿರಿದು ರಕ್ತ ಜಿನುಗುತ್ತಿದೆ. ಇವತ್ತು ಸಿಡ್ನಿಯಲ್ಲಿ ದೂರಿನ ವಿಚಾರಣೆ. ತುಂಬುತೋಳಿನ ಅಂಗಿ ಹಾಕುವುದಿಲ್ಲ. ನೋಡಲಿ ಎಲ್ಲರೂ, ಟಾರ್ ಇಲ್ಲದಿದ್ದರೆ ಹೇಗಿರುತ್ತದೆ ಅಂತ.
ಹೊರಗೆ ವೆಸ್ನಾಳ ಕಾರು. ಹಿಂದಿನ ಸೀಟಿನಿಂದ ಇಲಿಯಾ ಕೂಗುತ್ತಿದ್ದಾನೆ, "ಬೇಗ ಬಾರಮ್ಮಾ!" ಬಂದೆ. ಅಲ್ಲಿ ಆಡುವ ಮೊದಲ ಮಾತು ಬರೆದಿಟ್ಟುಕೊಳ್ಳುತ್ತೇನೆ, ನಾಲಗೆ ಹಿಂಜರಿಯದಿರಲಿ. ಕಾರ್ಡಿನಲ್ಲಿ 'ಟಾರ್ ಆರು' ಎಂದಷ್ಟೇ ಬರೆದವಳು ನಾ—