ಏನೂ ಹಾಕದ ಬಾಟಲಿ

ಅಜ್ಜಿ,

ಏಳೂವರೆ ಬಸ್ಸಿಗೆ ಹಾಸನಕ್ಕೆ ಹೊರಟೆ. ನೀನು ಪೂಜೆಯಲ್ಲಿದ್ದೆ, ಕರೆಯಲಿಲ್ಲ. ಕರೆದಿದ್ದರೆ ಜಗಳವಾಗುತ್ತಿತ್ತು.

ಕಾಲೇಜಿನ ಪ್ರಾಜೆಕ್ಟಿಗೆಂದು ಸೌದೆ ಕೊಟ್ಟಿಗೆಯಲ್ಲಿಟ್ಟ ಎರಡು ಬಾಟಲಿ ಮೀನೆಣ್ಣೆಯಲ್ಲಿ ಒಂದಕ್ಕೆ ಕಾಫಿ ಸಿಪ್ಪೆಯ ರಸ ಹಾಕಿದ್ದೆ, ಇನ್ನೊಂದಕ್ಕೆ ಏನೂ ಹಾಕಿರಲಿಲ್ಲ. ಅದು ಕಮಟು ಹಿಡಿಯಬೇಕಿತ್ತು, ಅಜ್ಜಿ. ಅದು ಕೆಟ್ಟು ಇದು ಉಳಿದರೆ ತಾನೇ ಸಿಪ್ಪೆ ಎಣ್ಣೆಯನ್ನು ಕಾಯುತ್ತದೆ ಅಂತ ತೋರಿಸೋದು? ನಲವತ್ತು ದಿನವಾದರೂ ಎರಡೂ ಕೆಡಲಿಲ್ಲ. ನಿನ್ನೆ ಸೋಸಿದರೆ ಏನೂ ಹಾಕದ ಬಾಟಲಿಯ ತಳದಲ್ಲಿ ವೀಳ್ಯದೆಲೆ!

"ಕೆಡದೇ ಇರ್ಲಿ ಅಂತ ತುಪ್ಪಕ್ಕೆ ಹಾಕಲ್ವೇನೇ, ಹಂಗೇ ಕಣೇ. ಪಾಪ, ಅದೊಂದಕ್ಕೆ ನೀನೇನೂ ಹಾಕಿರ್ಲಿಲ್ಲ" ಅಂದುಬಿಟ್ಟೆ ನೀನು. ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುವವಳು ನೀನು. ನನಗೋಸ್ಕರ ಇಕ್ಕಳದಲ್ಲಿ ಎಲೆ ಹಿಡಿದು ಅದರೊಳಗೆ ಇಳಿಸಿ, ಮತ್ತೊಮ್ಮೆ ಸ್ನಾನ ಮಾಡಿದ್ದೀಯ. ನಿನ್ನನ್ನು ಹೇಗೆ ಬೈಯಲಿ?

ಹಾಲು ಕಾಯಿಸಿಟ್ಟಿದ್ದೇನೆ. ಬಿ.ಪಿ. ಮಾತ್ರೆ ತಿಂಡಿ ಆದಮೇಲೆ, ಮರೆಯಬೇಡ. ಬಾಟಲಿಗಳನ್ನು ಇನ್ನು ಎಲ್ಲಿ ಬೇಕಾದರೂ ಎಸೆ.

ಪ್ರಾಜೆಕ್ಟ್ ಕೊಡಲು ಇವತ್ತೇ ಕೊನೆ ದಿನ. ಹಾಕಿದ್ದು ಒಂದೇ ಎಲೆನಾ, ಎರಡಾ? ಯಾವತ್ತು ಹಾಕಿದೆ? ನೆನಪಾದರೆ ಫೋನ್ ಮಾಡು. ಮೇಡಂ ಕೇಳಿದರೆ ನನಗೆ ಅದೂ ಗೊತ್ತಿಲ್ಲ.

ಚೈತ್ರ